ರಾಣಿ ‘ಊಟ ಆಯ್ತಾ’ ಅಂದಳು

ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಮಹಿಳೆ ತಮ್ಮ ಧ್ವನಿ ಕಳುವಾಗಿದೆ ಎಂದು ದೂರು ಕೊಟ್ಟರು. ದೂರು ಹೇಳಿದ್ದು ಗಂಟೆ ಬಾರಿಸಿದಷ್ಟು ಸ್ಪಷ್ಟವಾದ ಧ್ವನಿಯಲ್ಲಿ. ದಫೇದಾರರು ಬರೆಯುವುದನ್ನು ನಿಲ್ಲಿಸಿ ಇನ್‌ಸ್ಪೆಕ್ಟರ್ ಮುಖ ನೋಡಿದರು. ಸರ, ಸೈಕಲ್ಲು, ಒಮ್ಮೆ ಒಂದು ಗಿಳಿ ಕೂಡ ಕಳುವಾದ ದೂರು ಕಂಡ ಠಾಣೆ ಅದು. ಧ್ವನಿ ಇದೇ ಮೊದಲು.

ಆಕೆ ಮಕ್ಕಳ ಪಾಠಗಳಿಗೆ ಧ್ವನಿ ಕೊಡುವ ಕಲಾವಿದೆ.

“ಈ ಮೊಬೈಲ್ ಗೇಮ್‌ನಲ್ಲಿ ಒಬ್ಬ ರಾಣಿ ಇದ್ದಾಳೆ ಸಾರ್. ಬಾಯಿ ಬಿಟ್ರೆ ಬೈಗುಳ. ಅದು ನನ್ನ ಧ್ವನಿ. ಆದ್ರೆ ನಾನು ಮಾತಾಡಿಲ್ಲ.”

“ನಿಮ್ಮ ಥರದ್ದೇ ಧ್ವನಿ ಇನ್ಯಾರದೋ ಇರಬಹುದಲ್ವಾ?”

“ನನ್ನ ಕೆಮ್ಮು ನನಗೆ ಗೊತ್ತಾಗಲ್ವಾ ಸಾರ್?”

ಪಾಠದ ಟೀಚರಮ್ಮ ಹೀಗೆಲ್ಲ ಬೈಯುತ್ತಾರೆಂದು ತಾಯಂದಿರು ಗಲಾಟೆ ಮಾಡಿದ್ದರು. ಆ ಮಾತು ತನ್ನದಲ್ಲ ಎಂದು ಶುಕ್ರವಾರದೊಳಗೆ ಪೊಲೀಸರಿಂದ ಬರೆಸಿ ತರದಿದ್ದರೆ ಪಾಠದ ಸ್ಟುಡಿಯೋದಲ್ಲಿ ಆಕೆಯ ಕೆಲಸ ಹೋಗುತ್ತಿತ್ತು. ಬೇರೆಯವರ ಗುರುತು ಬಳಸಿ ವಂಚನೆ, ಆರೋಪಿ ಅಪರಿಚಿತ ಎಂದು ಎಫ್‌ಐಆರ್ ದಾಖಲಾಯಿತು.

ಮಂಗಳವಾರ ಇನ್‌ಸ್ಪೆಕ್ಟರ್ ಗೇಮ್ ಕಂಪನಿಗೆ ಹೋದರು. ಮ್ಯಾನೇಜರ್ ಒಪ್ಪಂದ ಮುಂದಿಟ್ಟ. ಅದರಲ್ಲಿ ದೂರುದಾರಳ ಹೆಸರು, ಸಹಿ ಎರಡೂ ಇದ್ದವು.

“ಮೊದಲು ಕೇಳಿದಾಗ ಬೇಡ ಅಂದ್ರು. ವಾರ ಬಿಟ್ಟು ಅವರೇ ಒಪ್ಕೊಂಡ್ರು.”

“ಫೋನ್ ಮಾಡಿದ್ರಾ?”

“ಇಲ್ಲ. ಹೊಸ ಮೇಲ್‌ನಿಂದ ವಾಯ್ಸ್ ಮೆಸೇಜ್ ಬಂತು. ಅದೇ ಧ್ವನಿ.”

“ರೆಕಾರ್ಡಿಂಗ್?”

“ಮನೆಯಿಂದಲೇ ಮಾಡಿ ಕಳಿಸಿದ್ರು.”

“ಮುಖ ನೋಡಿದೋರು ಯಾರು?”

ಮ್ಯಾನೇಜರ್ ನೀರು ಕುಡಿದ.

ಅಲ್ಲಿನ ಸೌಂಡ್ ಎಂಜಿನಿಯರ್ ಫೈಲುಗಳನ್ನು ಮತ್ತೆ ಕೇಳಿ ತಲೆ ಕೆರೆದುಕೊಂಡ. ಇಷ್ಟುದ್ದದ ಬೈಗುಳದಲ್ಲಿ ರಾಣಿ ಒಮ್ಮೆಯೂ ಉಸಿರು ತೆಗೆದುಕೊಂಡಿರಲಿಲ್ಲ. ಇದು ಬರೆದದ್ದನ್ನು ಓದುವ ಸಾಫ್ಟ್‌ವೇರ್ ಎಂದ. ಒಬ್ಬರ ಮಾತಿನ ರೆಕಾರ್ಡಿಂಗ್ ಒಂದಷ್ಟು ತಿನ್ನಿಸಿದರೆ ಸಾಕು, ಅವರಂತೆಯೇ ಓದುತ್ತದೆ. ಅಂಥ ರೆಕಾರ್ಡಿಂಗ್ ರಾಶಿ ಇದ್ದದ್ದು ಪಾಠದ ಸ್ಟುಡಿಯೋದಲ್ಲಿ. ಬುಧವಾರ ಮಧ್ಯಾಹ್ನದವರೆಗೆ ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ಜಾಲಾಡಿದರೂ ಏನೂ ಸಿಗಲಿಲ್ಲ.

ಇನ್‌ಸ್ಪೆಕ್ಟರ್ ಠಾಣೆಗೆ ಮರಳಿದಾಗ ದಫೇದಾರರು ಗೇಮ್ ಆಡುತ್ತಿದ್ದರು.

“ಡ್ಯೂಟಿ ಸಾರ್,” ಎಂದರು, ಕಣ್ಣು ಎತ್ತದೆ. “ಐದನೇ ಲೆವೆಲ್. ಇಲ್ಲಿ ಕೇಳಿ.”

ರಾಣಿ ಸೆರೆಯಾಳಿಗೆ ಹೇಳುತ್ತಿದ್ದಳು: “ಊಟ ಆಯ್ತಾ? ಚೆನ್ನಾಗಿ ತಿನ್ನು. ನಾಳೆ ನಿನ್ನ ತಲೆ ಹಾರುತ್ತೆ.”

“ತಲೆ ತೆಗೆಯೋಳು ಹಿಂಗಾ ಕೇಳೋದು? ಮಿಕ್ಕಿದ್ದೆಲ್ಲ ಬೆಂಕಿ. ಈ ಎರಡು ಮಾತು ಮಾತ್ರ ನಮ್ಮಮ್ಮ ಕೇಳಿದ ಹಂಗಿದೆ ಸಾರ್.”

ಇನ್‌ಸ್ಪೆಕ್ಟರ್ ಮತ್ತೆ ಮತ್ತೆ ಹಾಕಿಸಿ ಕೇಳಿ, ದೂರುದಾರಳನ್ನು ಕರೆಸಿದರು.

“ಪಾಠದಲ್ಲಿ ಈ ಮಾತು ಎಲ್ಲಾದ್ರೂ ಬರುತ್ತಾ?”

“ಇಲ್ಲ.”

“ಮನೆಯಲ್ಲಿ ಯಾರನ್ನ ಹೀಗೆ ಕೇಳ್ತೀರಿ?”

ಆಕೆ ಉತ್ತರಿಸಲು ಹೊರಟು, ಕುರ್ಚಿಯ ಕೈ ಹಿಡಿದುಕೊಂಡರು.

“ತಂಗೀನ. ಗಂಟಲು ಆಪರೇಷನ್ ಆದ್ಮೇಲೆ ಅವಳಿಗೆ ಮಾತು ಹೋಯ್ತು. ದಿನಾ ವಾಯ್ಸ್ ಮೆಸೇಜ್ ಹಾಕ್ತೀನಿ. ಅವಳು ಟೈಪ್ ಮಾಡ್ತಾಳೆ.” ಕುರ್ಚಿ ಮುಂದಕ್ಕೆಳೆದು ಕೇಳಿದರು, “ಸಾರ್, ದೂರು ವಾಪಸ್ ತಗೋಬಹುದಾ?”

“ನನ್ನ ಕೈಲಿಲ್ಲಮ್ಮ. ಅದನ್ನ ಕೋರ್ಟಲ್ಲೇ ಕೇಳ್ಬೇಕು.”

“ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಂಗಾಯ್ತು,” ಎಂದು ದಫೇದಾರರು ಗೊಣಗಿದರು.

ತಂಗಿಯ ಮನೆ ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ. ಗುರುವಾರ ಬೆಳಗ್ಗೆ ಒಂಬತ್ತಕ್ಕೆ, ಟೈಲರನ್ನೂ ಪಕ್ಕದ ಮನೆಯವರನ್ನೂ ಪಂಚರಾಗಿ ಕರೆದುಕೊಂಡು ಪೊಲೀಸರು ಬಾಗಿಲು ತಟ್ಟಿದರು. ಬಾಗಿಲು ತೆರೆದವಳು ಅಕ್ಕನಿಗಿಂತ ಸಣಕಲು, ಕತ್ತಿಗೆ ಸ್ಕಾರ್ಫ್ ಸುತ್ತಿದ್ದಳು. ವಾರಂಟ್ ಓದಿ, ಲ್ಯಾಪ್‌ಟಾಪ್ ಮುಂದೆ ಕೂತು ಟೈಪ್ ಮಾಡಿದಳು.

“ನಾನೇ ಮಾಡಿದ್ದು. ಟೀ ಕುಡೀತೀರಾ?” ಎಂದಿತು ಲ್ಯಾಪ್‌ಟಾಪ್.

ದೂರುದಾರರೇ ಬಂದುಬಿಟ್ಟರೇನೋ ಎಂದು ದಫೇದಾರರು ಹಿಂದೆ ತಿರುಗಿ ನೋಡಿದರು.

“ಅಕ್ಕನ ಹೆಸರು ಯಾಕೆ?” ಇನ್‌ಸ್ಪೆಕ್ಟರ್ ಕೇಳಿದರು.

“ಮಾತೇ ಬಾರದೋಳಿಗೆ ಪಾತ್ರ ಯಾರು ಕೊಡ್ತಾರೆ?”

ಇಬ್ಬರೂ ನಾಟಕದವರು. ಅಕ್ಕ ಯಾವಾಗಲೂ ಒಳ್ಳೆಯವಳು, ತಂಗಿ ಯಾವಾಗಲೂ ಕೇಡಿಗಿತ್ತಿ. ಧ್ವನಿ ಮಾತ್ರ ಒಂದೇ; ಫೋನಿನಲ್ಲಿ ಹೆತ್ತ ತಾಯಿಯೇ “ಯಾವಳೇ ನೀನು?” ಎಂದು ಕೇಳುತ್ತಿದ್ದಳಂತೆ. ಬೈಗುಳದ ಪಾತ್ರ ಬಂದಿತ್ತು, ಬೇಡ ಅಂದೆ ಎಂದು ಅಕ್ಕ ಮೆಸೇಜ್ ಹಾಕಿದ ರಾತ್ರಿ ತಂಗಿಗೆ ನಿದ್ದೆ ಹತ್ತಲಿಲ್ಲ. ಅದು ಅವಳದೇ ಪಾತ್ರವಾಗಿತ್ತು. ಅಕ್ಕನ ಮೆಸೇಜುಗಳನ್ನೆಲ್ಲ ಸಾಫ್ಟ್‌ವೇರ್‌ಗೆ ಹಾಕಿದಳು. ಬೈಗುಳಕ್ಕೆ ಬೆಂಕಿ ತಾನೇ ತುಂಬಿದಳು; ಅಕ್ಕ ದಿನಾ ಕೇಳುತ್ತಿದ್ದ ‘ಊಟ ಆಯ್ತಾ, ಚೆನ್ನಾಗಿ ತಿನ್ನು’ ಮಾತ್ರ ಅಕ್ಕನ ದನಿಯಲ್ಲೇ ಉಳಿಯಿತು.

“ಅಕ್ಕನ ಕೆಲಸ ಹೋಗುತ್ತೆ ಅನ್ನಿಸಲಿಲ್ವಾ?”

ಅವಳು ಒಂದು ಸಾಲು ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿದಳು.

“ನನ್ನ ಧ್ವನಿ ನನಗೆ ಮತ್ತೆ ಕೇಳಿಸ್ತಿತ್ತು ಸಾರ್. ಬೇರೇನೂ ಕೇಳಿಸಲಿಲ್ಲ.”

ಪಂಚನಾಮೆ ಮುಗಿಯಿತು. ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅರಗಿನ ಮುದ್ರೆ ಒತ್ತಿದರು. ಅವಳನ್ನು ಬಂಧಿಸಿ ಜೀಪು ಹತ್ತಿಸಿದಾಗ ಅವಳು ಅಕ್ಕಪಕ್ಕದವರ ಮುಖ ನೋಡದೆ ಆ ಗಂಟನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಅಕ್ಕ ಠಾಣೆಗೆ ಬಂದರು. ಇನ್‌ಸ್ಪೆಕ್ಟರ್ ಸಹಿ ಹಾಕಿದ ಪತ್ರ ಕೈಗೆ ಬಂತು, ಕೆಲಸ ಉಳಿಯಿತು. ತಂಗಿಗೆ ಬಾಯಿತುಂಬ ಬೈಯಬೇಕೆಂದೇ ಬಂದಿದ್ದರು. ರಾಣಿಯ ಬೈಗುಳಗಳನ್ನೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದರು. ಬೆಂಚಿನ ಮೇಲೆ ಕೂತವಳನ್ನು ಕಂಡಾಗ ಒಂದೂ ನೆನಪಾಗಲಿಲ್ಲ.

“ಊಟ ಆಯ್ತಾ?” ಎಂದರು.

ಗೇಮ್‌ನಲ್ಲಿ ಕೇಳಿದ್ದ ಅದೇ ದನಿ. ತಂಗಿ ತುಟಿ ತೆರೆದಳು, ಗಾಳಿಯಷ್ಟೇ ಬಂತು. ಆಮೇಲೆ ತಲೆ ಅಲ್ಲಾಡಿಸಿದಳು, ಇಲ್ಲವೆಂದು.

ದಫೇದಾರರು ಪೆನ್ನಿನ ಮುಚ್ಚಳ ಹಾಕಿ, ಎರಡು ಊಟ ಪಾರ್ಸೆಲ್ ತರಲು ಎದ್ದರು.