ಕೇರಾಫ್ ಲೈಲ್

ಅಪ್ಪ ಸಾಯುವ ಮುಂಚೆ ವಕೀಲನ ಎದುರು ಬರೆಸಿದ ಒಂದು ಸಾಲು ಎಂಟು ವರ್ಷಗಳಿಂದ ಓರಿನ್ ಹೌಗ್‌ಸ್ಟಡ್‌ನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. "ನನ್ನ ಜೋಡುನಳಿಗೆ ಬಂದೂಕು ದೊಡ್ಡ ಮಗ ಓರಿನ್ ಬಳಿ ಇರಲಿ, ಅವನು ಚೆನ್ನಾಗಿ ಇಟ್ಟುಕೊಳ್ಳುತ್ತಾನೆ. ಮೊಮ್ಮಗಳು ಟೆಸ್ಸಾಗೆ ಹದಿನೆಂಟು ತುಂಬಿದ ಮೇಲೆ ಅವಳದಾಗಲಿ, ಅವಳು ಅದನ್ನು ಬಳಸುತ್ತಾಳೆ." ಅಂದರೆ ಅಪ್ಪನ ಲೆಕ್ಕದಲ್ಲಿ ಓರಿನ್ ಒಂದು ಬೀರು. ಅರವತ್ತೆರಡು ವರ್ಷದ ಮಗನನ್ನು ಬೀರು ಮಾಡಿ, ಹತ್ತು ವರ್ಷದ ಹುಡುಗಿಯನ್ನು ವಾರಸುದಾರಳನ್ನಾಗಿ ಮಾಡಿ ಮುದುಕ ಕಣ್ಣು ಮುಚ್ಚಿದ್ದ. ಅವಳ ಅರ್ಹತೆಯಾದರೂ ಏನು? ಸೌತ್ ಡಕೋಟದ ಜೋಳದ ಹೊಲಗಳಲ್ಲಿ ಅಜ್ಜನ ಹಿಂದೆ ಓಡಾಡಿ, ಬಿದ್ದ ಫೆಸೆಂಟ್ ಹಕ್ಕಿಗಳನ್ನು ಹೆಕ್ಕಿ ತರುತ್ತಿದ್ದಳು. ಆ ಕೆಲಸವನ್ನು ನಾಯಿಯೂ ಮಾಡುತ್ತದೆ ಎಂದು ಓರಿನ್ ಆಗಲೇ ಹೇಳಿದ್ದ. ಯಾರೂ ನಕ್ಕಿರಲಿಲ್ಲ.

ಈ ಅಕ್ಟೋಬರಿಗೆ ಅವಳಿಗೆ ಹದಿನೆಂಟು.

ಓರಿನ್ ಇದ್ದದ್ದು ಪೆನ್ಸಿಲ್ವೇನಿಯದಲ್ಲಿ. ಮೂವತ್ತೊಂದು ವರ್ಷ ವಿಮಾ ಕಂಪನಿಯಲ್ಲಿ ಕೂತು, ಜನ ಹೇಳುವ ಸುಳ್ಳುಗಳನ್ನು ಒಂದೊಂದಾಗಿ ಹಿಡಿದು ಹಾಕಿ ನಿವೃತ್ತನಾದವನು. ಹೆಂಡತಿ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಪ್ರತಿ ಭಾನುವಾರ ಆ ಬಂದೂಕನ್ನು ಹೊರತೆಗೆದು, ಮೆತ್ತನೆ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಒರೆಸುತ್ತಿದ್ದ. ವಾಲ್‌ನಟ್ ಮರದ ಹಿಡಿಯಲ್ಲಿ ಅಪ್ಪನ ಹೆಬ್ಬೆರಳು ಸವೆಸಿದ ಒಂದು ಗುಳಿ. ಉಕ್ಕಿನ ಮೇಲೆ ಕೆತ್ತಿದ ಎರಡು ಹಕ್ಕಿ. ಒಂದು ಗುಂಡನ್ನೂ ಅವನು ಹಾರಿಸಿರಲಿಲ್ಲ, ಹಾರಿಸುವ ಆಸೆಯೂ ಇರಲಿಲ್ಲ. ಅವನಿಗೆ ಆ ಬಂದೂಕಿನ ಮೇಲೆ ಇದ್ದದ್ದು ಪ್ರೀತಿಯೇ. ಅದನ್ನು ಕೆಸರಿಗೆ ಒಯ್ಯುವವರ ಕೈಗೆ ಕೊಡುವುದು ಅವನಿಂದ ಆಗದ ಮಾತು.

ಕೊಡಲ್ಲ ಎಂದರೆ ಕೋರ್ಟು. ಮನೆಯಲ್ಲಿ ಕಳುವಾಯಿತು ಎಂದರೆ ತನ್ನ ಮೇಲೆಯೇ ಕಣ್ಣು. ಇನ್ನೊಬ್ಬನ ಕೈಯಲ್ಲಿ ಕಳೆದುಹೋಗಬೇಕು. ಆ ಇನ್ನೊಬ್ಬ ಎಂಥವನಾಗಿರಬೇಕೆಂದರೆ, ಸುದ್ದಿ ಕೇಳಿದವರು "ಅವನಾ? ಹಾಗಾದ್ರೆ ಸರಿ" ಎಂದು ಊಟ ಮುಂದುವರಿಸಬೇಕು. ಅಂಥವನೊಬ್ಬ ಅವನ ಬೆನ್ನಿಗೇ ಹುಟ್ಟಿದ್ದ: ಲೈಲ್, ಟೆಸ್ಸಾಳ ಅಪ್ಪ. ಅಪ್ಪನ ದೋಣಿಯ ಮೋಟಾರನ್ನು ಒತ್ತೆಯಿಟ್ಟು ಮರೆತವನು. ನೆಂಟರಿಷ್ಟರಿಂದ ಎರವಲು ತಂದ ಏಣಿ, ಗರಗಸ, ಟ್ರೇಲರು ಯಾವುದನ್ನೂ ಹಿಂದಿರುಗಿಸದವನು. ಹೆಂಡತಿ ಮಗಳನ್ನು ಕರೆದುಕೊಂಡು ಪಕ್ಕದ ಊರಿಗೆ ಹೋದ ಮೇಲೆ ಸೌತ್ ಡಕೋಟದಲ್ಲಿ ಒಬ್ಬನೇ ಇದ್ದ. ಓರಿನ್ ಅವನನ್ನು ನೋಡಿ ನಾಲ್ಕು ವರ್ಷವಾಗಿತ್ತು. ನೋಡುವಂಥದ್ದು ಏನೂ ಇಲ್ಲ ಎಂಬುದು ಅವನ ಅಭಿಪ್ರಾಯ.

ಉಪಾಯ ಕೊಟ್ಟದ್ದು ಕಾನೂನೇ. ಒಂದು ರಾಜ್ಯದವನು ಇನ್ನೊಂದು ರಾಜ್ಯದವನಿಗೆ ಬಂದೂಕನ್ನು ಸುಮ್ಮನೆ ಕಳಿಸುವಂತಿಲ್ಲ, ನಡುವೆ ಪರವಾನಗಿ ಇರುವ ವ್ಯಾಪಾರಿ ಬೇಕು. ಆದರೆ ಬೇಟೆಗೆಂದು ಬೇರೆ ರಾಜ್ಯಕ್ಕೆ ಹೋಗುವವನು ತನ್ನ ಬಂದೂಕನ್ನು ತನಗೇ ಕಳಿಸಿಕೊಳ್ಳಬಹುದು. ಮೇಲೆ ತನ್ನ ಹೆಸರು, ಕೆಳಗೆ ಅಲ್ಲಿರುವ ಯಾರದಾದರೂ ಕೇರಾಫ್. ಆ ಕೇರಾಫ್‌ನವನು ಪೆಟ್ಟಿಗೆಯನ್ನು ಇಟ್ಟುಕೊಳ್ಳಬಹುದೇ ಹೊರತು ತೆರೆಯುವಂತಿಲ್ಲ. ಓರಿನ್ ಇದನ್ನು ಓದಿದಾಗ ಯಾರೋ ತನಗೆಂದೇ ಬರೆದಿಟ್ಟಂತೆ ಅನ್ನಿಸಿತು. ಲೈಲ್ ಕೈಗೆ ಮುಚ್ಚಿದ ಪೆಟ್ಟಿಗೆ ಕೊಟ್ಟು, ತೆರೆಯಬೇಡ ಎಂದು ಹೇಳುವುದು! ತೆರೆದಿರಲಾರ ಎಂದು ನಂಬುವ ಒಬ್ಬ ಮನುಷ್ಯನೂ ಆ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ.

ಟೆಸ್ಸಾಳ ಹುಟ್ಟುಹಬ್ಬಕ್ಕೆ ಮೂರು ವಾರ ಮುಂಚೆ ತಮ್ಮನಿಗೆ ಫೋನು ಮಾಡಿದ.

"ಲೈಲ್, ಬಂದೂಕನ್ನ ವಿಮಾನದಲ್ಲಿ ತರೋದು ತಲೆನೋವು. ಮೊದಲೇ ಕೊರಿಯರಲ್ಲಿ ಕಳಿಸ್ತೀನಿ. ನನ್ನ ಹೆಸರಿಗೇ, ನಿನ್ನ ಕೇರಾಫ್. ಕೊನೇ ಸಲ ಒಂದು ಬೆಳಿಗ್ಗೆ ಬೇಟೆ ಆಡಿ ಮಗೂಗೆ ಕೊಟ್ಬಿಡ್ತೀನಿ."

ಲೈಲ್ ದನಿ ತಗ್ಗಿಸಿದ. "ಇಲ್ಲಿಗೇ ಕಳಿಸ್ಬೇಕಾ ಅಣ್ಣಾ?"

"ಮತ್ತೆಲ್ಲಿಗೆ? ನಿನಗೇನು ಕಷ್ಟ? ಒಂದು ಮೂಲೇಲಿ ಇರುತ್ತೆ. ಬಿಚ್ಚೋ ಹಾಗಿಲ್ಲ, ತಿಳೀತಾ? ಅದು ಕಾನೂನು."

"ಅಯ್ಯೋ, ಬಿಚ್ಚೋದಿರಲಿ, ನಾನು ಅದರ ಹತ್ರಾನೂ ಹೋಗಲ್ಲ ಬಿಡು. ನಿನ್ನ ವಸ್ತು ನಿನಗೆ ಸಿಗೋ ಹಾಗೆ ನೋಡ್ಕೋತೀನಿ."

ಫೋನಿಟ್ಟು ಓರಿನ್ ಒಬ್ಬನೇ ನಕ್ಕ. ತಮ್ಮನ ಮಾತನ್ನು ಹೀಗೆ ಮನಸಾರೆ ಸವಿದದ್ದು ಅದೇ ಮೊದಲು.

ಕೆಲಸ ಶುರುವಾಯಿತು. ತನ್ನ ನೆಲಮಾಳಿಗೆಯ ಗೋಡೆಯಲ್ಲಿ, ಫ್ರೀಜರಿನ ಹಿಂದೆ, ಒಂದು ಗೂಡು ಕೊರೆದು ಒಳಗೆ ಹಸಿರು ಉಣ್ಣೆಬಟ್ಟೆ ಅಂಟಿಸಿದ. ಅಪ್ಪನ ಬಂದೂಕು ಅಲ್ಲಿ ಮಲಗಿತು. ಬಂದೂಕಿನ ಚರ್ಮದ ಚೀಲಕ್ಕೆ ಎರಡು ತುಕ್ಕು ಹಿಡಿದ ನೀರಿನ ಪೈಪು, ಒಂದು ತುಂಡು ಓಕ್ ಹಲಗೆ. ತೂಕ ಬಂದೂಕಿನದಕ್ಕೆ ಸರಿಸಮ. ಇಂಥ ಪೈಪು ಲೈಲ್‌ನ ಹಿತ್ತಲಲ್ಲಿ ಒಂದು ಗಾಡಿ ಬಿದ್ದಿರುತ್ತದೆಂದು ಅವನಿಗೆ ಗೊತ್ತಿತ್ತು. ರಟ್ಟಿನ ಪೆಟ್ಟಿಗೆಯ ಸುತ್ತ ಕಂದು ಕಾಗದದ ಟೇಪು ಸುತ್ತಿ, ಟೇಪಿನ ಮೇಲೆ ಎಂಟು ಕಡೆ ಸಹಿ ಹಾಕಿದ.

ವಿಮೆ ಮಾಡಿಸಲಿಲ್ಲ. ಇದು ಅವನ ಪ್ರಕಾರ ಇಡೀ ಯೋಜನೆಯ ಮುಕುಟ. ಮೂವತ್ತೊಂದು ವರ್ಷ ಅವನು ಹಿಡಿದ ಕಳ್ಳರೆಲ್ಲ ಸಿಕ್ಕಿಬಿದ್ದದ್ದು ಪರಿಹಾರದ ಆಸೆಗೆ. ಕೈ ಚಾಚದವನನ್ನು ಯಾರು ಹಿಡಿಯುತ್ತಾರೆ? ತಾನು ಕಳೆದುಕೊಂಡವನಾಗಿ, ಕ್ಷಮಿಸುವವನಾಗಿ ನಿಲ್ಲುವುದು. ಲೈಲ್ ಇದ್ದಂತೆಯೇ ಇರುವುದು. ಯಾರಿಗೂ ಹೊಸದಾಗಿ ನಷ್ಟವಿಲ್ಲ ಎಂದೇ ಅವನು ನಂಬಿದ್ದ.

ಕೊರಿಯರ್ ಅಂಗಡಿಯಲ್ಲಿ ಕೌಂಟರಿನ ಹೆಂಗಸು ಬಂದೂಕು ಎಂದ ಕೂಡಲೇ ಪೆಟ್ಟಿಗೆಯಿಂದ ಕೈ ಹಿಂದೆಗೆದಳು.

"ಇಲ್ಲ ಸರ್, ಅದೆಲ್ಲ ತಗೊಳ್ಳಲ್ಲ."

"ತಗೋತೀರಿ. ನಿಮಗೆ ಗೊತ್ತಿಲ್ಲ ಅಷ್ಟೆ. ಓದಿ ಹೇಳ್ತೀನಿ, ಕೇಳಿ."

ಓರಿನ್ ಕನ್ನಡಕ ಏರಿಸಿ ಕಾನೂನಿನ ಹಾಳೆಯನ್ನು ಆರಂಭದಿಂದ ಓದಿದ. ಅವಳು ಮೇಲಿನವನನ್ನು ಕರೆದಳು, ಅವನಿಗೂ ಓದಿದ. ಅವನು ಕಂಪನಿಗೆ ಫೋನು ಮಾಡಿದ, ಫೋನಿನಲ್ಲಿದ್ದವನಿಗೂ ಓದಿದ. ಹಿಂದೆ ಸಾಲಿನಲ್ಲಿದ್ದವರು ನಿಟ್ಟುಸಿರು ಬಿಡುತ್ತ ಕಾಲು ಬದಲಿಸುತ್ತಿದ್ದರು. ಈ ದೇಶದಲ್ಲಿ ಎಲ್ಲರ ಮನೆಯಲ್ಲೂ ಬಂದೂಕಿದೆ, ಒಬ್ಬನಿಗೂ ಅದರ ಕಾನೂನು ಗೊತ್ತಿಲ್ಲ ಎಂದು ಅವನಿಗೆ ಅಸಹ್ಯವಾಯಿತು. ಕಡೆಗೆ ಪೆಟ್ಟಿಗೆ ಹೋಯಿತು. ಮಂಗಳವಾರ ತಲುಪಿದ ಸಂದೇಶ ಬಂತು. ಲೈಲ್‌ಗೆ ಫೋನು ಮಾಡಿದರೆ, "ಬಂದಿದೆ ಅಣ್ಣಾ, ಭದ್ರವಾಗಿದೆ. ನೀನು ಆರಾಮಾಗಿ ಬಾ" ಎಂದ.

ಓರಿನ್ ಶುಕ್ರವಾರದವರೆಗೆ ಕಾದ. ಮೂರು ಪೂರ್ತಿ ದಿನ ಪೆಟ್ಟಿಗೆ ತಮ್ಮನ ಸೂರಿನಡಿ ಕಳೆಯಲಿ. ಮಾಗಿದಷ್ಟೂ ಒಳ್ಳೆಯದು.

ಬಾಕಿ ಇದ್ದದ್ದು ಒಂದೇ ಕೆಲಸ, ಅದನ್ನು ಅಲ್ಲೇ ಹೋಗಿ ಮಾಡಬೇಕಿತ್ತು. ಪೆಟ್ಟಿಗೆಯ ತಳ ಕೊಯ್ದು, ಲೈಲ್‌ನ ಮನೆಯ ಟೇಪಿನಿಂದಲೇ ಮತ್ತೆ ಮುಚ್ಚುವುದು. ಲೈಲ್‌ನ ಜಗತ್ತು ನಿಂತಿರುವುದೇ ಬೆಳ್ಳಿಬಣ್ಣದ ಅಗಲ ಟೇಪಿನ ಮೇಲೆ. ಗಾಡಿಯ ಕನ್ನಡಿ, ಕುರ್ಚಿಯ ಕಾಲು, ಬೂಟು, ಒಮ್ಮೆ ಒಂದು ನಾಯಿಯ ಕಿವಿಗೂ ಅವನು ಅದನ್ನೇ ಸುತ್ತಿದ್ದ. ಆ ಮನೆಯಲ್ಲಿ ನಿಂತಲ್ಲಿಂದ ಕೈ ಚಾಚಿದರೆ ಒಂದು ಸುರುಳಿ ಸಿಗದಿರಲು ಸಾಧ್ಯವಿಲ್ಲ. ತಮ್ಮ ಐದು ನಿಮಿಷ ಅತ್ತ ಸರಿದರೆ ಸಾಕು ಎಂದು ಓರಿನ್ ಲೆಕ್ಕ ಹಾಕಿದ್ದ.

ಸಿಕ್ಕಿದ್ದು ಒಂದೂವರೆ ಗಂಟೆ. ಬಾಡಿಗೆ ಕಾರು ನಿಲ್ಲಿಸಿ ಇಳಿದಾಗ ಸರಿಯಾಗಿ ಮೂರೂವರೆ. ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು, ಬೆಳ್ಳಿ ಟೇಪಿನಿಂದಲೇ: "ಅಣ್ಣಾ, ಕೀಲಿ ಬಕೆಟ್ ಕೆಳಗೆ. ನಿನ್ನ ಪೆಟ್ಟಿಗೆ ಹಿಂಬಾಗಿಲ ಪಡಸಾಲೆಯಲ್ಲಿ. ಚರ್ಚಿನ ಹಾಲಲ್ಲಿ ಬೇಟೆಗಾರರ ಊಟಕ್ಕೆ ಮಾಂಸ ಹೆಚ್ಚುತ್ತಿದ್ದೇನೆ. ಐದಕ್ಕೆ ಎಲ್ಲರೂ ಬರುತ್ತೇವೆ." ಅಕ್ಷರ ಕೂಡ ಸೋಮಾರಿಯಾಗಿ ಒಂದರ ಮೇಲೊಂದು ಒರಗಿತ್ತು. ಓರಿನ್‌ಗೆ ತಮ್ಮನ ಮೇಲೆ ಹೆಚ್ಚುಕಡಿಮೆ ಪ್ರೀತಿಯೇ ಉಕ್ಕಿತು.

ಕೈಗವಸು ತೆಗೆಯದೆಯೇ ಕೆಲಸ ಮುಗಿಸಿದ. ಟೇಪಿನ ಸುರುಳಿ ನಾಯಿಯ ಆಹಾರದ ಡಬ್ಬದ ಮೇಲೆಯೇ ಇತ್ತು, ಚಾಕು ಕಿಟಕಿಯ ಮೇಲೆ. ತಳ ಕೊಯ್ದ, ಅಂಚು ತುಸು ಹರಿದ, ಲೈಲ್ ಅಂಟಿಸುವ ಹಾಗೆಯೇ ವಕ್ರವಾಗಿ ಅಂಟಿಸಿದ. ನೀಟಾಗಿ ಕೆಲಸ ಮಾಡಿ ರೂಢಿಯಾದವನಿಗೆ ಆ ವಕ್ರತೆಯೇ ಕಷ್ಟವಾಯಿತು. ಹನ್ನೊಂದು ನಿಮಿಷ. ಆಮೇಲೆ ಅಡುಗೆಮನೆಯಲ್ಲಿ ಕೂತು ಕಾಫಿ ಮಾಡಿಕೊಂಡ. ಫ್ರಿಜ್ಜಿನಲ್ಲಿ ಬಿಯರ್ ಇರಲಿಲ್ಲ, ಬರೀ ಶುಂಠಿ ಸೋಡ. ಅಣ್ಣ ಬರುತ್ತಾನೆಂದು ಬಚ್ಚಿಟ್ಟಿರಬೇಕು ಎಂದುಕೊಂಡ.

ಐದಕ್ಕೆ ಮೂವರು ಬಂದರು. ಲೈಲ್ ತೆಳ್ಳಗಾಗಿದ್ದ. ಟೆಸ್ಸಾ ಎತ್ತರದ ಹುಡುಗಿಯಾಗಿದ್ದಳು. ಕುತ್ತಿಗೆಗೆ ಅಜ್ಜನ ಹಳೇ ಕಿತ್ತಳೆ ಮಫ್ಲರ್. ಕೈಯಲ್ಲಿ ಹಣ್ಣಿನ ಕುಕೆನ್ ಕೇಕು ಹಿಡಿದಿದ್ದ ನಡುವಯಸ್ಸಿನ ಹೆಂಗಸನ್ನು ಲೈಲ್ ಪರಿಚಯಿಸಿದ: ಮಾರ್ಲಿಸ್ ಬ್ರಾಂಟ್, ಶೆರಿಫ್ ಕಚೇರಿಯ ಡೆಪ್ಯುಟಿ. ಓರಿನ್‌ಗೆ ಒಳಗೊಳಗೇ ಹಬ್ಬ. ಸಾಕ್ಷಿಗೆ ನೆರೆಯವರು ಸಾಕಿತ್ತು, ಬಂದದ್ದು ಪೊಲೀಸು.

"ದೊಡ್ಡಪ್ಪಾ, ಈಗ್ಲೇ ನೋಡ್ಬಹುದಾ?" ಟೆಸ್ಸಾ ಕೇಳಿದಳು. "ಪ್ಲೀಸ್! ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ನಾನು."

"ನೋಡಮ್ಮಾ, ಯಾಕಾಗಬಾರದು?" ಓರಿನ್ ಪೆಟ್ಟಿಗೆಯನ್ನು ಮೇಜಿನ ಮೇಲೆ ತಂದಿಟ್ಟ. ಮಗುಚಿದ. ನಿಂತ. ನಿಲ್ಲುವುದನ್ನು ಅವನು ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ. "ಇದೇನಿದು? ಈ ಟೇಪು ನನ್ನದಲ್ಲ."

ಅವನು ಬಿಚ್ಚಿದ. ಚರ್ಮದ ಚೀಲದಿಂದ ಎರಡು ತುಕ್ಕು ಪೈಪು ಉರುಳಿ ಮೇಜಿನ ಮೇಲೆ ಬಿದ್ದವು.

ಟೆಸ್ಸಾ ಪೈಪು ನೋಡಿದಳು, ಬೆಳ್ಳಿ ಟೇಪು ನೋಡಿದಳು, ಆಮೇಲೆ ಲೈಲ್‌ನ ಮುಖ ನೋಡಿದಳು. "ಅಪ್ಪಾ?" ಅಂದಳು.

ಆ ಒಂದು ಪದದ ಮುಂದೆ ಲೈಲ್ ಕೂತುಬಿಟ್ಟ. ಅವನ ಕಣ್ಣಲ್ಲಿ ನೀರು ಬಂತು. ಓರಿನ್ ಬಯಸಿದ್ದಕ್ಕಿಂತ ಚೆನ್ನಾಗಿ ಎಲ್ಲವೂ ನಡೆಯುತ್ತಿತ್ತು.

"ಬೈಬೇಡಮ್ಮ ಅವನ್ನ," ಓರಿನ್ ಭಾರವಾದ ದನಿಯಲ್ಲಿ ಹೇಳಿದ. "ಏನೋ ಕಷ್ಟ ಇದ್ದಿರಬೇಕು. ಡೆಪ್ಯುಟಿ, ಇದು ನಮ್ಮ ಮನೆ ವಿಷಯ. ನಾನು ದೂರು ಕೊಡಲ್ಲ. ಕ್ಷಮಿಸಿದೀನಿ."

ಮಾರ್ಲಿಸ್ ಕುಕೆನ್ ಕೆಳಗಿಟ್ಟಳು. "ದೊಡ್ಡ ಮನಸ್ಸು ನಿಮ್ಮದು. ನೀವು ಎಷ್ಟು ಹೊತ್ತಿಗೆ ಬಂದ್ರಿ?"

"ಮೂರೂವರೆ. ಸರಿಯಾಗಿ."

"ಆಮೇಲೆ ಯಾರಾದ್ರೂ ಬಂದು ಹೋದ್ರಾ?"

"ಒಂದು ನೊಣಾನೂ ಬಂದಿಲ್ಲ," ಎಂದ ಓರಿನ್. ಕರಾರುವಾಕ್ಕಾಗಿ ಉತ್ತರಿಸುವುದು ಅವನ ಹೆಮ್ಮೆ. "ನಾನೊಬ್ಬನೇ ಇದ್ದೆ."

ಮಾರ್ಲಿಸ್ ತನ್ನ ಫೋನು ತೆಗೆದು ಮೇಜಿನ ಮೇಲೆ, ಪೈಪುಗಳ ಪಕ್ಕದಲ್ಲಿ, ಓರಿನ್ ಕಡೆಗೆ ತಿರುಗಿಸಿಟ್ಟಳು. ಅದರಲ್ಲಿ ಪೆಟ್ಟಿಗೆಯ ಆರು ಮಗ್ಗುಲಿನ ಆರು ಫೋಟೊ ಇದ್ದವು, ಇದೇ ಪಡಸಾಲೆಯಲ್ಲಿ ತೆಗೆದದ್ದು, ಇವತ್ತು ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ. ತಳದ ಕಂದು ಟೇಪು ಇಡಿಯಾಗಿತ್ತು. "ನಾನೇ ತಂದಿಟ್ಟು ಬೀಗ ಹಾಕ್ದೆ," ಎಂದಳು. "ನಿಮ್ಮ ಕಾರು ಈ ಕಡೆ ತಿರುಗಿದ್ದು ನೋಡ್ಕೊಂಡೇ ಹೊರಟೆ. ಅಲ್ಲೀವರೆಗೂ ಅದು ನಮ್ಮ ಕಚೇರಿ ಕಪಾಟಲ್ಲೇ ಇತ್ತು. ಮಂಗಳವಾರ ಕೊರಿಯರ್‌ನವರಿಂದ ಸಹಿ ಹಾಕಿ ತಗೊಂಡಿದ್ದೂ ನಾನೇ." ಲೈಲ್ ಮಗಳ ಕೈ ಹಿಡಿದುಕೊಂಡಿದ್ದ, ಅಣ್ಣನ ಮುಖ ನೋಡಲಿಲ್ಲ. "ಹೇಳೋಕೆ ನಾಚಿಕೆ ಆಯ್ತು ಅಣ್ಣಾ, ನೀನೂ ಕೇಳ್ಲಿಲ್ಲ," ಎಂದ. "ಹೋದ ವರ್ಷ ಕುಡಿದು ಗಾಡಿ ಓಡಿಸಿ ಮೂರನೇ ಸಲ ಸಿಕ್ಕಿಬಿದ್ದೆ. ಮೂರನೇದು ಇಲ್ಲಿ ದೊಡ್ಡ ಅಪರಾಧ. ಅವತ್ತಿಂದ ನಾನು ಬಂದೂಕು ಮುಟ್ಟೋ ಹಾಗಿಲ್ಲ, ಮನೇಲಿ ಇಟ್ಕೊಳ್ಳೋ ಹಾಗೂ ಇಲ್ಲ."