ಅಜ್ಜ ಊರಿಗಿಳಿದ ವಾರ

ಮಸ್ರಿಲ್‌ನ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವನ ಕಾಲನ್ನು. ಬಲಗಾಲು. ಅದು ನೆಲದಿಂದ ಮೂರಡಿ ಮೇಲೆ, ಬಗ್ಗಿಸಿ ಕಟ್ಟಿದ್ದ ಗಳುವಿನ ತುದಿಯಲ್ಲಿ ತಂತಿ ಉರುಳಿಗೆ ಸಿಕ್ಕಿ ನೇತಾಡುತ್ತಿತ್ತು. ಉಳಿದ ಮಸ್ರಿಲ್ ಕೆಳಗೆ ಜರೀಗಿಡಗಳ ನಡುವೆ ಅಂಗಾತ ಮಲಗಿ ಆರಾಮಾಗಿ ಸಿಗರೇಟು ಸೇದುತ್ತಿದ್ದ.

"ಬೇಗ ಬಂದ್ರಲ್ಲ," ಅಂದ. "ಮೂರೇ ಗಂಟೆ ಆಯ್ತು."

ನಾನು ಊರಿನ ಕಾಡು ಪಹರೆಯವಳು. ಏಳು ಜನರ ಪಹರೆಯಲ್ಲಿ ಒಬ್ಬಳೇ ಹೆಂಗಸು. ಬರಿಸಾನ್ ಬೆಟ್ಟದ ಏಣು ಹತ್ತಿ ಇಳಿದು, ಜನ ಇಟ್ಟ ಉರುಳುಗಳನ್ನು ಹುಡುಕಿ ಕತ್ತರಿಸುವುದು ನಮ್ಮ ಕೆಲಸ. ಇಡುವವರು ಹಂದಿಗೆ ಅನ್ನುತ್ತಾರೆ. ಸಿಕ್ಕಿಕೊಳ್ಳುವುದು ಅಜ್ಜ. ಅಜ್ಜ ಅಂದರೆ ಹುಲಿ. ಆ ಹೆಸರನ್ನು ನಾವು ಕಾಡಿನಲ್ಲಿ ಎತ್ತುವುದಿಲ್ಲ. ಹೆಣ್ಣಾದರೂ ಅಜ್ಜನೇ, ಎರಡು ಮರಿ ಹೆತ್ತರೂ ಅಜ್ಜನೇ. ನಮ್ಮ ಸುಮಾತ್ರದಲ್ಲಿ ಇನ್ನೆಷ್ಟು ಅಜ್ಜಂದಿರು ಉಳಿದಿದ್ದಾರೆ ಅಂತ ಯೋಚಿಸಿದಾಗಲೆಲ್ಲ ನನಗೆ ಯಾರ ಕೆನ್ನೆಗಾದರೂ ಬಾರಿಸಬೇಕು ಅನ್ನಿಸುತ್ತದೆ. ಅವತ್ತು ಒಂದು ಕೆನ್ನೆ ಕೈಗೆಟುಕುವಷ್ಟು ಹತ್ತಿರವೇ ಸಿಕ್ಕಿತ್ತು.

"ಯಾರದ್ದು ಈ ಉರುಳು?"

"ನಂದಲ್ಲ."

"ಹಾಗಂತ ಎಲ್ಲಾರೂ ಹೇಳ್ತಾರೆ."

"ಎಲ್ಲಾರೂ ಕಾಲು ಮೇಲೆ ಮಾಡಿ ಹೇಳ್ತಾರಾ?"

ಬಂದ ನಗುವನ್ನು ನುಂಗಿಕೊಂಡೆ. "ಮೊದ್ಲು ಹೆಸರು. ಆಮೇಲೆ ಊರು. ಕಾಲು ಕೊನೇಗೆ."

ಹೆಸರು ಹೇಳಿದ. ಏಣಿನ ಆಚೆ ಕಣಿವೆಯವನು, ದಾಲ್ಚಿನ್ನಿ ತೊಗಟೆ ಸುಲಿಯುವವನು. ಉರುಳು ಬಿಚ್ಚಲು ಹೋಗಿ ಸಿಕ್ಕಿಕೊಂಡನಂತೆ.

"ನಿನಗ್ಯಾಕೆ ಬೇಕಿತ್ತು ಈ ಉಸಾಬರಿ?"

"ಹಂದಿ ನನ್ನ ಸಸಿಗಳ ಬುಡ ಬಗೀತದೆ. ಅಜ್ಜ ಹಂದಿ ತಿಂತಾನೆ. ಸಂಬಳ ಕೇಳದ ಕಾವಲುಗಾರ. ಅವನ ಕಾಲು ಮುರಿದ್ರೆ ನನ್ನ ತೋಟ ಯಾರು ಕಾಯ್ತಾರೆ, ನೀವಾ?"

ಅವನ ಚೀಲ ಸುರಿದು ನೋಡಿದೆ. ಕತ್ತರಿಸಿದ ನಾಲ್ಕು ಉರುಳುಗಳು ಬಿದ್ದವು. ಮೂತಿ ಸಪ್ಪಗಾಯಿತು, ನನ್ನದು. ತಂತಿ ಕತ್ತರಿಸಿದೆ, ಕಾಲು ಧೊಪ್ಪನೆ ಬಿತ್ತು. ಅವನು ಕಾಲನ್ನು ನೋಡಿಕೊಳ್ಳಲಿಲ್ಲ, ನನ್ನನ್ನೇ ನೋಡುತ್ತಿದ್ದ, ಬೇಕಾದ್ದಕ್ಕಿಂತ ಚೂರು ಜಾಸ್ತಿ ಹೊತ್ತು.

"ಏನು?"

"ಏನಿಲ್ಲ. ಕೆಳಗಿಂದ ನೋಡಿದ್ರೆ ಇನ್ನೂ ಎತ್ತರ ಕಾಣ್ತೀರಿ, ಉನಿ."

ಉನಿ ಅಂದರೆ ಅಕ್ಕ. ನನಗಿಂತ ಎರಡು ವರ್ಷ ದೊಡ್ಡವನು ನನ್ನನ್ನು ಅಕ್ಕ ಅಂದ. ಅವತ್ತು ಬಂದ ಸಿಟ್ಟು ಮನೆ ತಲುಪುವಷ್ಟರಲ್ಲಿ ಬೇರೆ ಏನೋ ಆಗಿತ್ತು.

ಆಮೇಲೆ ಪ್ರತಿ ಗುರುವಾರ ಏಣಿನ ಮೇಲೆ ಅವನು ಅಕಸ್ಮಾತ್ ಸಿಗತೊಡಗಿದ. ಕುಂಟು ವಾಸಿಯಾದ ಮೇಲೂ ನಾನು ನೋಡಿದಾಗ ಸ್ವಲ್ಪ ಕುಂಟುತ್ತಿದ್ದ. ಕೆಸರಿನಲ್ಲಿ ಅಜ್ಜನ ಹೆಜ್ಜೆ ಗುರುತು ಅಳೆಯುವುದನ್ನು ಕಲಿಸಿದೆ. ಟೇಪಿನ ಒಂದು ತುದಿ ಅವನ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ. ಅವನ ಬೆರಳುಗಳಿಗೆ ತೊಗಟೆಯ ಕಂದು ಬಣ್ಣ ಹತ್ತಿ ಉಗುರಿನವರೆಗೂ ದಾಲ್ಚಿನ್ನಿಯ ವಾಸನೆ. ಶುಕ್ರವಾರ ಅಮ್ಮ ಅಡುಗೆಗೆ ಚಕ್ಕೆ ಹಾಕಿದರೆ ನಾನು ಒಲೆಯ ಹತ್ತಿರದಿಂದ ಏಳುತ್ತಲೇ ಇರಲಿಲ್ಲ.

ಒಂದು ಸಲ, ಹಾದುಹೋಗುವ ಮೃಗಗಳ ಚಿತ್ರ ತಾನೇ ಹಿಡಿಯುವ ಕ್ಯಾಮೆರಾವನ್ನು ಮರಕ್ಕೆ ಕಟ್ಟಲು ಹೋದಾಗ ಮಳೆ ಹಿಡಿಯಿತು. ಕಾಫಿ ತೋಟದ ಹಳೇ ಗುಡಿಸಲಲ್ಲಿ ಇಬ್ಬರೂ ಎರಡು ಮೂಲೆಗೆ ಕೂತೆವು. ನಡುವೆ ನನ್ನ ಚೀಲ. ಆ ಚೀಲ ಅಷ್ಟು ದೊಡ್ಡದಿದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

"ಚೀಲ ಆ ಕಡೆ ಇಡ್ಲಾ?" ಅಂತ ಕೇಳಿದ.

"ಅದು ಅಲ್ಲೇ ಇರ್ಲಿ. ಅದಕ್ಕೆ ಬುದ್ಧಿ ಇದೆ."

ಅವನು ನಕ್ಕ. ನಾನು ಹೊರಗಿನ ಮಳೆ ನೋಡಿದೆ. ಮಳೆ ನಿಲ್ಲುವುದು ನನಗೆ ಬೇಕಿರಲಿಲ್ಲ. ಅಷ್ಟೇ ನಡೆದದ್ದು, ಅಷ್ಟೇ. ಹಾದಿಯಲ್ಲಿ ಹೋಗುತ್ತಿದ್ದ ನಮ್ಮೂರಿನ ಮರ್ನಿ ಚಿಕ್ಕಮ್ಮ ನಮ್ಮನ್ನು ನೋಡಿದಳು.

ಆ ಕ್ಯಾಮೆರಾದಲ್ಲೇ ಅಜ್ಜ ಸಿಕ್ಕಿದಳು. ಹಿಂದೆ ಎರಡು ಮರಿ. ಎಡ ಮುಂಗಾಲಿನಲ್ಲಿ ಎರಡು ಬೆರಳಿಲ್ಲ. ಹೆಜ್ಜೆ ಹಿಡಿದು ನಾವಿಬ್ಬರೂ ಹಿಂದಕ್ಕೆ ಹೋದೆವು, ಅರ್ಧ ದಿನ. ತೊರೆಯ ದಂಡೆಯಲ್ಲಿ ತುಂಡಾದ ಉರುಳು ಸಿಕ್ಕಿತು. ಅದರಲ್ಲಿ ಒಣಗಿದ ಎರಡು ಬೆರಳು, ಉಗುರು, ಹಳದಿ ಕೂದಲು. ಮಸ್ರಿಲ್ ಬಾಯಿಗೆ ಕೈ ಇಟ್ಟುಕೊಂಡು ಕೂತುಬಿಟ್ಟ. ನಾನು ಗಂಟು ನೋಡುತ್ತಿದ್ದೆ.

ಮೂರು ಸುತ್ತು, ಕೊನೆಯದು ಹಿಂದಕ್ಕೆ. ಆ ಗಂಟು ನನಗೂ ಬರುತ್ತದೆ. ಹತ್ತು ವರ್ಷದವಳಿದ್ದಾಗ ಎಮ್ಮೆಕರು ಕಟ್ಟಲು ಅದನ್ನು ಕಲಿಸಿದವನು ನನ್ನ ಸೋದರಮಾವ. ಊರಲ್ಲಿ ಬೇರೆ ಯಾರೂ ಹಾಗೆ ಹಾಕುವುದಿಲ್ಲ.

ಉರುಳನ್ನು ಚೀಲಕ್ಕೆ ಹಾಕಿಕೊಂಡೆ, ಗಂಟು ಯಾರದ್ದೆಂದು ಮಸ್ರಿಲ್‌ಗೂ ಹೇಳಲಿಲ್ಲ. ನಮ್ಮಲ್ಲಿ ಮನೆ ಹೆಣ್ಣಿನದು, ಗದ್ದೆ ಹೆಣ್ಣಿನದು, ಮಾತು ಮಾತ್ರ ಸೋದರಮಾವನದು. ಮದುವೆಯ ವೀಳ್ಯ ಹುಡುಗಿ ಮನೆಯಿಂದ ಹುಡುಗನ ಮನೆಗೆ ಹೋಗುತ್ತದೆ, ತೆಗೆದುಕೊಂಡು ಹೋಗಿ ಕೇಳಬೇಕಾದವನು ಮಾವ. ಅವನು ಬಾಯಿ ತೆರೆಯದಿದ್ದರೆ ಮದುವೆ ಇಲ್ಲ. ನನ್ನ ಮಾವನೋ ಬರೀ ಮಾವನಲ್ಲ, ಮನೆತನದ ಹಿರಿಯ, ಊರೆಲ್ಲ ದಾತುಕ್ ಅಂತ ತಲೆಬಾಗುವವನು.

ಕುಂಟುಗಾಲಲ್ಲಿ ಹಂದಿ ಹಿಡಿಯಲಾಗದೆ ಅಜ್ಜ ಊರಿಗಿಳಿದಳು. ಸೋಮವಾರ ಹೊಡೆದದ್ದು ನಮ್ಮೂರಿನ ಬುರ್ಹಾನನ ಹಸು. ಬುಧವಾರ ಪ್ರಾರ್ಥನೆ ಮನೆಯ ಹಿಂದೆ ಕಟ್ಟಿದ್ದ ಮೇಕೆ.

ಬುರ್ಹಾನ್ ಹಸುವಿನ ಹೆಣಕ್ಕೆ ವಿಷ ಹಾಕುತ್ತೇನೆಂದು ಕೂತ. ಹಿರಿಯರು ತಡೆದರು. ಅಜ್ಜ ಸುಮ್ಮನೆ ಊರಿಗೆ ಬರುವುದಿಲ್ಲ, ಯಾರೋ ತಪ್ಪು ಮಾಡಿದಾಗ ಎಚ್ಚರಿಸಲು ಬರುತ್ತಾನೆ ಅನ್ನುವುದು ನಮ್ಮ ಹಳೇ ಮಾತು. ತಪ್ಪು ಮಾಡಿದವರು ಸಭೆಯಲ್ಲಿ ಒಪ್ಪಿಕೊಂಡರೆ ಅಜ್ಜನನ್ನು ಯಾರೂ ಮುಟ್ಟುವಂತಿಲ್ಲ. ತಪ್ಪೇ ಇಲ್ಲವಾದರೆ ಅದು ಬರೀ ಮೃಗ, ಬುರ್ಹಾನ್ ಏನು ಬೇಕಾದರೂ ಮಾಡಬಹುದು.

ಹಾಗಾದರೆ ತಪ್ಪು ಯಾರದು? ಮರ್ನಿ ಚಿಕ್ಕಮ್ಮನಿಗೆ ಗುಡಿಸಲು ನೆನಪಾಯಿತು. ಸಂಜೆಯೊಳಗೆ ಇಡೀ ಊರಿಗೆ ನೆನಪಾಯಿತು.

ಗುರುವಾರ ಮಧ್ಯಾಹ್ನ ಅಂಗಳದಲ್ಲಿ ಭತ್ತ ಹರವುತ್ತಿದ್ದಾಗ ಮಾವ ಬಂದ. ಟಾರ್ಪಾಲಿನ ಹಗ್ಗ ಸಡಿಲವಾಗಿತ್ತು, ಮಾತಾಡುತ್ತಲೇ ಬಿಗಿದ.

"ನಿಯಾರ್, ನಾಳೆ ಸಭೇಲಿ ಹೂಂ ಅಂದ್ಬಿಡು."

"ಏನಂತ ಹೂಂ ಅನ್ಲಿ?"

"ಗುಡಿಸಲಲ್ಲಿ ತಪ್ಪಾಯ್ತು ಅಂತ. ಒಂದು ಮೇಕೆ ಕಡಿದು ಊರಿಗೆ ಊಟ ಹಾಕ್ತೀನಿ. ಅಜ್ಜ ಉಳೀತಾಳೆ. ಒಂದು ವರ್ಷಕ್ಕೆ ಜನ ಮರೀತಾರೆ."

"ಮಸ್ರಿಲ್?"

"ಅವನು ಮತ್ತೆ ಈ ಕಡೆ ಕಾಲಿಡೋ ಹಾಗಿಲ್ಲ." ನನ್ನ ಮುಖ ನೋಡಲಿಲ್ಲ. "ನೀನೇ ಅಲ್ವಾ ಅಜ್ಜನಿಗೋಸ್ಕರ ಜೀವ ಕೊಡ್ತೀನಿ ಅಂತಿದ್ದೋಳು. ಒಂದು ಸುಳ್ಳು ಹೇಳೋಕೆ ಆಗಲ್ವಾ?"

ಅವನ ಕೈ ಹಗ್ಗದ ಮೇಲೆ ಮೂರು ಸುತ್ತು ಹೋಗಿ ಹಿಂದಕ್ಕೆ ತಿರುಗಿತು. ಮಾತು ಗಂಟಲಿಗೆ ಬಂತು. ಅಮ್ಮ ಅಲ್ಲೇ ಮೊರ ಹಿಡಿದು ನಿಂತಿದ್ದಳು. ಅವಳಿಗೆ ಇರುವವನು ಒಬ್ಬನೇ ತಮ್ಮ. ನುಂಗಿಕೊಂಡೆ.

ಏಣಿಗೆ ಓಡಿದೆ. ಮಾವ ಹೇಳಿದ್ದನ್ನೆಲ್ಲ ಮಸ್ರಿಲ್‌ಗೆ ಹೇಳಿದೆ.

"ಹೂಂ ಅನ್ನು," ಅಂದ. "ನಾನೇ ನಿನ್ನ ಪುಸಲಾಯಿಸಿದೆ ಅನ್ನು. ನಾನು ಹೋಗ್ತೀನಿ. ಎರಡು ಮರಿ ಇದೆ ಅವಳಿಗೆ."

"ಅಷ್ಟು ಸುಲಭಕ್ಕೆ ಬಿಟ್ಟುಕೊಡ್ತೀಯಾ ನನ್ನ?"

"ಸುಲಭ ಅಂತ ಯಾರು ಹೇಳಿದ್ರು?" ಧ್ವನಿ ಒಡೆಯಿತು. "ಗುರುವಾರ ಬಿಟ್ರೆ ವಾರದಲ್ಲಿ ಬೇರೆ ದಿನ ಇದೆ ಅನ್ನೋದೇ ಮರೆತಿದೀನಿ ನಾನು."

ಅವನು ಅದನ್ನು ಹೇಳುವಾಗ ನೆಲ ನೋಡುತ್ತಿದ್ದ, ಆಮೇಲೆ ತಲೆಯೆತ್ತಿದ. ಆ ಕಣ್ಣನ್ನು ನೋಡಿದ ಮೇಲೆ ಸುಳ್ಳು ಹೇಳುವುದು ನನ್ನಿಂದಾಗದು ಅಂತ ತಿಳಿಯಿತು. ಚೀಲದಿಂದ ಉರುಳು ತೆಗೆದು ಗಂಟು ತೋರಿಸಿದೆ, ಯಾರದ್ದೆಂದು ಹೇಳಿದೆ.

"ಇದನ್ನ ಸಭೇಲಿ ತೋರಿಸಿದ್ರೆ," ಅಂದ ಮಸ್ರಿಲ್ ನಿಧಾನವಾಗಿ, "ನಮ್ಮನೆಗೆ ವೀಳ್ಯ ತರೋರು ಯಾರು?"

ಸುಮ್ಮನಿದ್ದರೆ ಅಜ್ಜ ಸಾಯುತ್ತಾಳೆ. ಸುಳ್ಳು ಹೇಳಿದರೆ ಇವನು ಹೋಗುತ್ತಾನೆ. ನಿಜ ಹೇಳಿದರೆ ಮಾವ ಹೋಗುತ್ತಾನೆ, ಅವನ ಹಿಂದೆ ಇವನೂ. ಹೇಗೆ ನೋಡಿದರೂ ಮಸ್ರಿಲ್ ಕೈತಪ್ಪುತ್ತಿದ್ದ. ಕೈತಪ್ಪುವುದೇ ಆದರೆ ತಲೆತಗ್ಗಿಸಿ ಯಾಕೆ ಕಳೆದುಕೊಳ್ಳಲಿ ಅಂದುಕೊಂಡೆ.

ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ ಚಾವಡಿ ತುಂಬಿತ್ತು. ಮಾವ ಹಿರಿಯರ ಸಾಲಿನಲ್ಲಿ ಕೂತಿದ್ದ. ಮಸ್ರಿಲ್ ಕರೆಯದೆಯೇ ಬಂದು ಮೆಟ್ಟಿಲ ಹತ್ತಿರ ನಿಂತಿದ್ದ. ಬುರ್ಹಾನ್ ಬಾಯಿ ತೆರೆಯುವ ಮೊದಲೇ ನಾನು ಎದ್ದೆ.

"ಹಿರಿಯರ ಮಾತು ನಿಜ. ಅಜ್ಜ ಸುಮ್ಮನೆ ಬರಲ್ಲ. ಊರಲ್ಲಿ ತಪ್ಪಾಗಿದೆ."

ಮಾವನ ಉಸಿರು ಸಡಿಲವಾದದ್ದು ಕಾಣಿಸಿತು. ಆದರೂ ಉರುಳನ್ನು ಚಾವಡಿಯ ನಡುವೆ ಚಾಪೆಯ ಮೇಲೆ ಇಟ್ಟೆ, ಬೆರಳುಗಳ ಸಮೇತ.

"ತಪ್ಪು ಇದು. ಎರಡು ಬೆರಳು ಇಲ್ಲಿ ಬಿಟ್ಟು ಹೋಗಿದ್ದಾಳೆ ಅಜ್ಜ. ಬೇಟೆ ಆಡೋಕೆ ಆಗದೆ ನಮ್ಮ ಹಟ್ಟಿಗೆ ಬಂದಿದ್ದಾಳೆ. ಗಂಟು ಹಾಕಿದೋರಿಗೆ ತಮ್ಮ ಗಂಟು ಗೊತ್ತಾಗುತ್ತೆ. ಅವರೇ ಹೇಳ್ಲಿ, ನಾನು ಹೇಳಲ್ಲ."

ಮಾವನ ಕಡೆ ನೋಡದೆ ಜನರ ಕಡೆ ತಿರುಗಿದೆ.

"ಇನ್ನು ಗುಡಿಸಲಿನ ವಿಷಯ. ಹೌದು, ನಾನು ಮಸ್ರಿಲ್ ಜೊತೆ ಕೂತಿದ್ದೆ. ಮಳೆ ನಿಲ್ಲೋದು ಬೇಡ ಅಂತ ಬೇಡ್ಕೊಂಡೆ. ಅವನು ನನಗೆ ಇಷ್ಟ. ಇದಕ್ಕೆ ದಂಡ ಇದ್ರೆ ಹಾಕಿ. ತಪ್ಪಾಯ್ತು ಅಂತ ಮಾತ್ರ ಅನ್ನಲ್ಲ. ಯಾರದೋ ತಂತಿಯ ತಪ್ಪನ್ನ ನನ್ನ ಪ್ರೀತಿ ಮೇಲೆ ಹೊರಿಸೋಕೆ ನಾನು ಬಿಡಲ್ಲ."

ಮರ್ನಿ ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಉರುಳು ಕೈಯಿಂದ ಕೈಗೆ ಹೋಯಿತು. ಮಾವನ ಕೈಗೆ ಬಂದಾಗ ಅವನು ಅದನ್ನು ಮುಂದೆ ಕೊಡಲಿಲ್ಲ. ಗಂಟಿನ ಮೇಲೆ ಹೆಬ್ಬೆರಳು ಇಟ್ಟು ಕೂತ. ಅಷ್ಟು ಹೊತ್ತು ಯಾಕೆ ಹಿಡಿದಿದ್ದಾನೆ ಅಂತ ಜನ ನೋಡತೊಡಗಿದರು.

"ನಂದು," ಅಂದ ಕೊನೆಗೆ. "ಜೋಳ ಹಾಳು ಮಾಡ್ತಿತ್ತು ಅಂತ ಹಂದಿಗೆ ಇಟ್ಟೆ. ಬರೋದು ಯಾರು ಅಂತ ಉರುಳು ಕೇಳಲ್ಲ, ಅದು ನನಗೆ ಗೊತ್ತಿತ್ತು. ಆದ್ರೂ ಇಟ್ಟೆ. ನಿನ್ನೆ ಈ ಹುಡುಗಿ ತಲೆಗೆ ಕಟ್ಟೋಕೂ ಹೋದೆ."

ತೀರ್ಮಾನ ಆಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಜ್ಜನ ದೂರು ಕೇಳಿ ಆಯಿತು, ಇನ್ನು ಅವಳ ಮೈ ಯಾರೂ ಮುಟ್ಟಬಾರದು. ಮುಂದಿನ ಶುಕ್ರವಾರದೊಳಗೆ ಕಾಡಿನಲ್ಲಿರುವ ತಂತಿಯನ್ನೆಲ್ಲ ಇಟ್ಟವರೇ ತಂದು ಇಲ್ಲಿ ಹಾಕಬೇಕು. ಮಾವ ಬುರ್ಹಾನನಿಗೆ ತನ್ನ ಹಸು ಕೊಡಬೇಕು. ಬುರ್ಹಾನ್ ಗೊಣಗಿದ, ಆದರೆ ತಾನಿಟ್ಟ ಉರುಳುಗಳ ನೆನಪಾಯಿತೋ ಏನೋ, ಬೇಗ ಸುಮ್ಮನಾದ.

ಚಾವಡಿ ಖಾಲಿಯಾದ ಮೇಲೆ ಮಾವ ನನ್ನ ಹತ್ತಿರ ಬಂದ. ಒಂದೇ ದಿನದಲ್ಲಿ ಬಗ್ಗಿಹೋಗಿದ್ದ.

"ವೀಳ್ಯ ಹಿಡ್ಕೊಂಡು ಹೋಗೋ ಯೋಗ್ಯತೆ ಈ ನಾಲಗೆಗೆ ಇಲ್ಲ ಮಗಳೇ. ನಿನ್ನ ಪರವಾಗಿ ನಾನು ಮಾತಾಡಿದ್ರೆ ಆ ಕಣಿವೆಯವರು ನಗ್ತಾರೆ."

"ನಾಲಗೆ ನನಗೂ ಇದೆ ಮಾವ. ನೀವು ಬಂದು ಪಕ್ಕದಲ್ಲಿ ಕೂತ್ಕೊಳ್ಳಿ, ಸಾಕು."

ಮುಂದಿನ ಗುರುವಾರದೊಳಗೆ ಇನ್ನೂರಕ್ಕೂ ಹೆಚ್ಚು ಉರುಳು ಕೆಳಗೆ ಬಂದವು. ಕ್ಯಾಮೆರಾದಲ್ಲಿ ಅಜ್ಜ ಎರಡು ಮರಿಗಳ ಜೊತೆ ಏಣು ದಾಟುತ್ತಿದ್ದಳು. ಕುಂಟು ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಬಾಯಲ್ಲಿ ಹಂದಿಮರಿ ಇತ್ತು.

ಭಾನುವಾರ ಬೆಳಿಗ್ಗೆ ಅಮ್ಮ, ಮಾವ, ನಾನು ವೀಳ್ಯದ ಬಟ್ಟಲು ತೆಗೆದುಕೊಂಡು ಆಚೆ ಕಣಿವೆಗೆ ಹೊರಟೆವು. ಬಟ್ಟಲು ನನ್ನ ಕೈಯಲ್ಲಿತ್ತು. ಹುಡುಗಿಯೇ ಹಿಡಿದು ಬರುವುದನ್ನು ಯಾರೂ ಕಂಡವರಿಲ್ಲ. ಬೇಲಿಗಳ ಮೇಲೆ ತಲೆಗಳು ಸಾಲಾಗಿ ಎದ್ದವು. ಕಾಣಲಿ ಅಂತ ಬಟ್ಟಲನ್ನು ಇನ್ನೂ ಎತ್ತರ ಹಿಡಿದೆ.

ಮಸ್ರಿಲ್‌ನ ತಾಯಿ ತೆಂಗಿನ ಚಿಪ್ಪಿನಲ್ಲಿ ಕಾಫಿ ಎಲೆಯ ಕಷಾಯ ಕೊಟ್ಟಳು. ಮಾವ ತಲೆತಗ್ಗಿಸಿ ಕೂತಿದ್ದ. ಅವಳು ಮಾವನ ಬಾಯಿ ನೋಡಿದಳು, ಅಲ್ಲಿಂದ ಏನೂ ಬರಲಿಲ್ಲ.

"ನಾನೇ ಕೇಳ್ತೀನಿ," ಅಂದೆ. "ನಿಮ್ಮ ಮಗನನ್ನ ನಮ್ಮನೆಗೆ ಕೊಡಿ."

ತೊಗಟೆ ಸುಲಿಯುತ್ತಿದ್ದ ಮಸ್ರಿಲ್ ಒಳಗೆ ಬಂದು ಬಾಗಿಲಲ್ಲೇ ನಿಂತ. ಕಿವಿ ಕೆಂಪಾಗಿತ್ತು. ಅವನ ತಾಯಿಯ ಕೈ ಬಟ್ಟಲಿನ ಕಡೆ ಬಂತು. ಮನೆಯ ಹಿರಿಯರು ಎಲೆ ತೆಗೆದು ಬಾಯಿಗಿಟ್ಟರೆ ಒಪ್ಪಿದಂತೆ. ಕೈ ಅರ್ಧದಲ್ಲೇ ನಿಂತಿತು.

"ಧೈರ್ಯಸ್ಥೆ ನೀನು, ಅದನ್ನ ಒಪ್ಪಿದೆ. ಆದ್ರೆ ಮದುವೆ ಆದ್ಮೇಲೆ ಕಾಡು ಬಿಡಬೇಕು. ಹುಲಿ ಹಿಂದೆ ತಿರುಗೋ ಸೊಸೆ ನಮಗೆ ಬೇಡ."

ಅಮ್ಮ ನನ್ನ ಮೊಣಕೈ ಚಿವುಟಿದಳು. ಸುಮ್ಮನೆ ಹೂಂ ಅನ್ನು, ಆಮೇಲೆ ನೋಡಿಕೊಳ್ಳೋಣ ಅಂತ ಅದರ ಅರ್ಥ. ಇಷ್ಟು ದೂರ ಬಂದು, ಇವನು ಎರಡು ಹೆಜ್ಜೆ ದೂರದಲ್ಲಿ ನಿಂತಿರುವಾಗ ಹೂಂ ಅನ್ನುವುದು ಸುಲಭವಿತ್ತು.

"ಬಿಡಲ್ಲ," ಅಂದೆ. "ನಿಮ್ಮ ಮಗನನ್ನ ಬಿಡೋಕೂ ಮನಸ್ಸಿಲ್ಲ. ಆದ್ರೆ ಕಾಡು ಬಿಡ್ತೀನಿ ಅಂತ ಸುಳ್ಳು ಹೇಳಿ ಅವನನ್ನ ಕರ್ಕೊಂಡು ಹೋಗಲ್ಲ."

ಬಟ್ಟಲು ಮುಚ್ಚಿ ಏಳೋಣವೆಂದು ಮುಚ್ಚಳ ಎತ್ತಿಕೊಂಡೆ.

ಮಸ್ರಿಲ್ ನಡೆದು ಬಂದು ನನ್ನ ಪಕ್ಕ ಚಾಪೆಯ ಮೇಲೆ ಕೂತ. ಕಂದು ಬೆರಳುಗಳಿಂದ ಒಂದು ಎಲೆ ಆರಿಸಿದ, ಅಡಿಕೆ ಇಟ್ಟ, ಸುಣ್ಣ ಹಚ್ಚಿ ಮಡಿಸಿ ಬಾಯಿಗೆ ಹಾಕಿಕೊಂಡ.

"ಏಯ್, ಅದು ನಾನು ತಗೋಬೇಕಾದ್ದು," ಅಂದಳು ಅವನ ತಾಯಿ.

"ಜಗಿದಾಯ್ತಲ್ಲಮ್ಮ," ಅಂದ.