ಮೂವತ್ತೊಂದು ಕಿಲೋ ಹಿಬಾರಿ

ಭಾರಹೀರುಕ ಯಂತ್ರ ಕಾರಿನ ಬಾನೆಟ್ಟಿನ ಮೇಲೆ ನೀಲಿ ಕಿರಣ ಹಾಯಿಸುತ್ತಿತ್ತು. ತೂಕದ ಫಲಕದಲ್ಲಿ ಅಂಕಿ ಇಳಿಯುತ್ತಿತ್ತು: ಐನೂರ ಎಂಬತ್ತು ಕಿಲೋ, ಐನೂರ ಹತ್ತು, ನಾನೂರು. ಪ್ರತಿ ಇಳಿತಕ್ಕೂ ಕಾರಿನ ಮಾಲೀಕ ಪ್ರದ್ಯುಮ್ನ ದೇಸಾಯಿಯವರು ಚಪ್ಪಾಳೆ ತಟ್ಟುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಮೆಕ್ಯಾನಿಕ್ ಫಕೀರಪ್ಪ ಬಡಿಗೇರ ಮಾತ್ರ ಫಲಕದತ್ತ ನೋಡದೆ ಕಾರನ್ನೇ ನೋಡುತ್ತಿದ್ದ.

ಹಿಬಾರಿ ಜಪಾನಿನಲ್ಲಿ ನೂರ ಹನ್ನೆರಡೇ ತಯಾರಾದ, ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಅದನ್ನು ಕಟ್ಟಿದವರು ಒಂದೊಂದು ಬೋಲ್ಟನ್ನೂ ಕೈಯಲ್ಲಿ ತೂಗಿ ನೋಡಿ, ಬೇಕಾದಷ್ಟನ್ನೇ ಉಳಿಸಿದ್ದರು. ಹುಬ್ಬಳ್ಳಿಗೆ ಬಂದ ಮೇಲೆ ಅದು ದೇಸಾಯರ ಗಾಜಿನ ಕೋಣೆ ಸೇರಿತು. ಒಂದು ಗೇಣೂ ಓಡಲಿಲ್ಲ. ದೇಸಾಯರಿಗೆ ಗೇರ್ ಹಾಕಲೂ ಬರುತ್ತಿರಲಿಲ್ಲ, ಆದರೆ ಕಾರಿನ ಬಗ್ಗೆ ಭಾಷಣ ಮಾಡಲು ಚೆನ್ನಾಗಿ ಬರುತ್ತಿತ್ತು.

ಸ್ವಯಂಚಾಲಿತ ವಾಹನಗಳು ಬಂದ ಮೇಲೆ ಮನುಷ್ಯರು ಗಾಡಿ ಓಡಿಸುವುದನ್ನು ಸರ್ಕಾರ ನಿಷೇಧಿಸಿತ್ತು. ವರ್ಷಕ್ಕೊಂದೇ ದಿನ, ಖಂಡೇನವಮಿಯಂದು, ಹಳೆಯ ಪರವಾನಗಿ ಇದ್ದವರಿಗೆ ರಿಯಾಯಿತಿ. ಊರಿನಲ್ಲಿ ಅಂಥ ಪರವಾನಗಿ ಉಳಿದಿದ್ದುದು ಫಕೀರಪ್ಪನೊಬ್ಬನ ಬಳಿ, ಅದೂ ಈ ನವಮಿಗೆ ಮುಗಿಯುವುದಿತ್ತು. ಹನ್ನೊಂದು ವರ್ಷ ಆ ಕಾರಿನ ಎಣ್ಣೆ ಬದಲಿಸಿದವನು ಅವನು. ಒಮ್ಮೆ ಅದನ್ನು ಓಡಿಸಬೇಕೆಂಬುದು ಅವನ ಒಂದೇ ಆಸೆ. ಪ್ರತಿ ವರ್ಷವೂ ಕೊಡುತ್ತೇನೆಂದು ಹೇಳಿ ದೇಸಾಯರು ಧೂಳಿನ ನೆಪ ತೆಗೆಯುತ್ತಿದ್ದರು. ಈ ವರ್ಷ ಒಪ್ಪಿದ್ದಕ್ಕೂ ಪ್ರೀತಿ ಕಾರಣವಲ್ಲ. ಸಂಗ್ರಾಹಕರ ಸಂಘವು ಜಗತ್ತಿನ ಅತಿ ಹಗುರ ಕಾರಿಗೆ ಬಿರುದು ಕೊಡುವುದಿತ್ತು. ಕಾರು ನೂರು ಹೆಜ್ಜೆ ಓಡಿ ತೋರಿಸಬೇಕೆಂಬುದು ಅದರ ನಿಯಮ.

"ಮೇಡಂ, ಇದಕ್ಕ ಏನ್ ಮಾಡಾಕತ್ತೀರಿ?" ಎಂದು ಫಕೀರಪ್ಪ ಯಂತ್ರದ ಒಡತಿ, ವಿಜ್ಞಾನಿ ಶಾಂಭವಿ ಹೆರೂರ ಅವರನ್ನು ಕೇಳಿದ.

"ಲೋಹದೊಳಗಿನ ಪರಮಾಣುಗಳನ್ನ ಹೀರಿ ತೆಗೀತೀವಿ. ಜೇನುಹಟ್ಟಿಯಂಥ ಟೊಳ್ಳು ಜಾಲ ಉಳೀತದೆ. ಗಟ್ಟಿತನ ಹಾಗೇ ಇರ್ತದೆ, ತೂಕ ಮಾತ್ರ ಹೋಗ್ತದೆ. ಆಸ್ಪತ್ರೆಯ ಸ್ಟ್ರೆಚರ್‌ಗಳಿಗೆ ಅಂತ ಕಂಡುಹಿಡಿದದ್ದು."

"ವಾಪಸ್ ತುಂಬಾಕ ಬರತೈತೇನ್ರಿ?"

"ಇಲ್ಲ. ಹೀರಿದ್ದು ಹೀರಿದ್ದೇ."

"ಸಾಹೇಬ್ರ, ಸಾಕ್ರಿ. ಕಟ್ಟಿದವರೇನು ಹುಚ್ಚರಲ್ಲ."

"ಸ್ಪ್ಯಾನರ್ ಹಿಡಿಯೋನಿಗೆ ಇದೆಲ್ಲ ಏನ್ ತಿಳೀತದ? ಸುಮ್ನಿರು," ಎಂದರು ದೇಸಾಯರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡು ಫಕೀರಪ್ಪ ಸ್ಪ್ಯಾನರ್ ಜೇಬಿಗಿಳಿಸಿದ.

ನವಮಿಯ ದಿನ ಹಿಬಾರಿಯ ತೂಕ ಮೂವತ್ತೊಂದು ಕಿಲೋ. ಬೀದಿಗೆ ತಂದರೆ ಗಾಳಿಗೆ ಸರಿಯುತ್ತಿತ್ತು. ಕರುವಿಗೆ ಹಗ್ಗ ಕಟ್ಟಿದಂತೆ ಕಟ್ಟಿ, ದೇಸಾಯರು ಅದರ ಹಗ್ಗ ಹಿಡಿದು ಗಂಭೀರವಾಗಿ ನಿಂತಿದ್ದರು. ಸಂಘದ ತೀರ್ಪುಗಾರರು ಬಂದರು. ಪೂಜೆಯಾಯಿತು. ಹೂ ಮಾರುವ ದ್ಯಾಮವ್ವ ಪದ್ಧತಿಯಂತೆ ನಾಲ್ಕು ಚಕ್ರಗಳ ಮುಂದೆ ನಾಲ್ಕು ಲಿಂಬೆಹಣ್ಣು ಇಟ್ಟಳು.

ಹಗ್ಗ ಬಿಚ್ಚಿದ ಮೇಲೆ ಫಕೀರಪ್ಪ ಎಂಜಿನ್ ಚಾಲೂ ಮಾಡಿ ಮೆಲ್ಲಗೆ ಕ್ಲಚ್ ಬಿಟ್ಟ. ಚಕ್ರಗಳು ಗಿರಗಿರನೆ ತಿರುಗಿದವು. ಕಾರು ನಿಂತಲ್ಲೇ ನಿಂತಿತು. ಎರಡನೇ ಸಲವೂ ಅದೇ ಕಥೆ. ಒಂದು ಹಣ್ಣೂ ಒಡೆಯಲಿಲ್ಲ, ಸಿಪ್ಪೆ ಕೂಡ ಕಂದಲಿಲ್ಲ. ಸೇರಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಲಿಂಬಿಹಣ್ಣಿಗೆ ಸೋತ್ರಲ್ರೀ ಸಾಹೇಬ್ರ!" ಎಂದ ಫಕೀರಪ್ಪ. ನಗಬೇಕೆಂದುಕೊಂಡಿದ್ದವನು ಪಶ್ಚಿಮದ ಕಡೆ ನೋಡಿದ. ಇವತ್ತಿನ ಸೂರ್ಯ ಮುಳುಗಿದರೆ ಅವನ ಪರವಾನಗಿಯೂ ಮುಳುಗುತ್ತಿತ್ತು.

ಶಾಂಭವಿ ಬಗ್ಗಿ ನೋಡಿದರು. "ಟೈರಿನ ಮೇಲೆ ಭಾರ ಇಲ್ಲ, ಅದಕ್ಕೇ ಜಾರ್ತಿದೆ. ಇದನ್ನ ನಾನು ಯೋಚಿಸಲೇ ಇಲ್ಲ. ಏನಾದ್ರೂ ಹೇರಬೇಕು."

"ಕಲ್ಲು ಹೇರೂಣ್ರಿ," ಎಂದ ಫಕೀರಪ್ಪ.

"ಬ್ಯಾಡ! ಗೀರು ಬೀಳ್ತದ!" ಎಂದು ದೇಸಾಯರು ಕಿರುಚಿದರು.

"ಹಾಗಾದ್ರೆ ಮನುಷ್ಯರನ್ನ ಕೂರಿಸಿ. ಮನುಷ್ಯರು ಮೆತ್ತಗಿರ್ತಾರೆ," ಎಂದರು ಶಾಂಭವಿ.

ಗಾಜಿಗೆ ಉಸಿರು ತಾಗೀತೆಂದು ಬೀದಿಯವರನ್ನು ಗೇಟಿನಾಚೆ ನಿಲ್ಲಿಸುತ್ತಿದ್ದ ಮಹಾನುಭಾವರು ಈಗ ಕೈಮುಗಿದು ಅವರನ್ನೇ ಕರೆದರು: "ಬರ್ರಿ, ಕೂಡ್ರಿ, ದಯಮಾಡಿ ಕೂಡ್ರಿ." ದ್ಯಾಮವ್ವ ಹೂಬುಟ್ಟಿಯ ಸಮೇತ ಪಕ್ಕದ ಸೀಟಿನಲ್ಲಿ ಕೂತಳು. ಇಬ್ಬರು ಪೌರಕಾರ್ಮಿಕರು ಬಾನೆಟ್ಟಿನ ಎರಡು ಅಂಚಿಗೆ, ದರ್ಜಿ, ಅವನ ಹೆಂಡತಿ, ನಾದಿನಿ ಹಿಂಬದಿಗೆ. ಹಬ್ಬದ ಹೋಳಿಗೆ ತಿಂದು ಬಂದ ಗಟ್ಟಿ ಮೈಗಳು. ಮಾಲೀಕರಿಗೇ ಜಾಗ ಉಳಿಯಲಿಲ್ಲ.

ಫಕೀರಪ್ಪ ಮತ್ತೆ ಕ್ಲಚ್ ಬಿಟ್ಟಾಗ ನಾಲ್ಕೂ ಹಣ್ಣು ಫಟ್ಟನೆ ಒಡೆದವು. ಹಿಬಾರಿ ಮುಂದಕ್ಕೆ ನೆಗೆಯಿತು. ನೂರು ಹೆಜ್ಜೆ ದಾಟಿತು, ತೀರ್ಪುಗಾರರು ಬಾವುಟ ಬೀಸಿದರು. ಫಕೀರಪ್ಪ ಬ್ರೇಕಿನ ಕಡೆ ಕಾಲನ್ನೇ ಒಯ್ಯಲಿಲ್ಲ.

"ನಿಲ್ಲಸೋ! ಬಿರುದು ಸಿಕ್ತು, ನಿಲ್ಲಸೋ!" ಎಂದು ಕೂಗುತ್ತ ದೇಸಾಯರು ಒರೆಸುವ ಬಟ್ಟೆ ಹಿಡಿದು ಹಿಂದೆ ಓಡಿದರು. ಎರಡನೇ ತಿರುವಿನಲ್ಲಿ ಏದುಸಿರು ಬಿಟ್ಟು ಕೂತರು. ಕಾರು ಉಣಕಲ್ ಕೆರೆಯ ಕಡೆಗೆ ಹೊರಟಿತ್ತು.

"ಯಾಕೋ ಫಕೀರಪ್ಪಾ, ಅಳಾಕತ್ತೀಯಲ್ಲ?" ಎಂದಳು ದ್ಯಾಮವ್ವ.

"ರೋಡ್ ಹಿಡದೈತಬೇ," ಎಂದ ಅವನು, ಕಣ್ಣೊರೆಸಿಕೊಳ್ಳದೆ ಮೂರನೇ ಗೇರ್ ಹಾಕುತ್ತ. "ಇನ್ನೊಂದಿಬ್ಬರು ಸಿಕ್ರ ಹತ್ತಿಸ್ಕೊಳ್ಳೂಣು."